ಬಾಣದ ಪೆಟ್ಟಿಗೆಯ ಬಿಲ್ಲು

1894-95ರಲ್ಲಿ ಚೀನಕ್ಕೂ ಜಪಾನಿಗೂ ನಡೆದ ಯುದ್ಧವು ಬಹುಮಟ್ಟಿಗೆ ಆಧುನಿಕ ಯುದ್ಧವೇ ಆಗಿದ್ದಿತು. ಸಮುದ್ರದಲ್ಲಿ ಉಕ್ಕಿನ ಕವಚ ತೊಟ್ಟ ಹಡಗುಗಳು; ನೆಲದ ಮೇಲೆ ಮುರಾಟಾ ಬಂದೂಕುಗಳನ್ನು ಹಿಡಿದ ಜಪಾನೀ ಪದಾತಿಗಳು. ಅಂತಹ ರಣರಂಗಕ್ಕೆ ಚೀನದ ಒಳನಾಡಿನಿಂದ ಬಂದ ಪಡೆಗಳಲ್ಲಿ, ಬೆನ್ನಿನ ಮೇಲೆ ಮರದ ಪೆಟ್ಟಿಗೆಯೊಂದನ್ನು ಹೊತ್ತ ಒಂದು ವಿಚಿತ್ರವಾದ ಬಿಲ್ಲು ಪದೇ ಪದೇ ಕಾಣಿಸುತ್ತಿದ್ದಿತೆಂದು ಇಂಗ್ಲೆಂಡಿನ ಸರ್ ರಾಲ್ಫ್ ಪೇನ್-ಗಾಲ್ವೆ ಎಂಬವರು ಬರೆದಿದ್ದಾರೆ. ಅಡ್ಡಬಿಲ್ಲುಗಳನ್ನು ಕುರಿತ ಅವರ ದೊಡ್ಡ ಗ್ರಂಥವು 1903ರಲ್ಲಿ ಪ್ರಕಟವಾಯಿತು. ಈ ಬಿಲ್ಲನ್ನು ಹಿಡಿದ ನೂರು ಮಂದಿ ಹದಿನೈದು ಸೆಕೆಂಡುಗಳಲ್ಲಿ ಸಾವಿರ ಬಾಣಗಳನ್ನು ಶತ್ರುವಿನ ಮೇಲೆ ಸುರಿಸಬಲ್ಲರು ಎಂಬುದು ಅವರ ಲೆಕ್ಕ. ಒಬ್ಬೊಬ್ಬನಿಗೆ ಹತ್ತು ಬಾಣಗಳಾದುವು. ಒಂದು ಬಾಣಕ್ಕೆ ಒಂದೂವರೆ ಸೆಕೆಂಡು.

ಚೀನೀಯರು ಇದನ್ನು ‘ಲಿಯನ್ ನು’ ಎನ್ನುತ್ತಾರೆ. ‘ನು’ ಎಂದರೆ ಅಡ್ಡಬಿಲ್ಲು; ‘ಲಿಯನ್’ ಎಂದರೆ ಒಂದರೊಡನೊಂದು ಸೇರಿ ಸಾಲಾಗಿ ಬರುವುದು. ನಾವು ಇಲ್ಲಿ ಅದನ್ನು ಸರಣಿಬಿಲ್ಲು ಎಂದು ಕರೆಯೋಣ. ಇದನ್ನು ಪ್ರಯೋಗಿಸುವವನು ಬತ್ತಳಿಕೆಗೆ ಕೈ ಹಾಕುವುದಿಲ್ಲ, ಹೆದೆಯನ್ನು ಬೆರಳಿನಿಂದ ಮುಟ್ಟುವುದಿಲ್ಲ, ಬಂದೂಕಿನ ಕುದುರೆಯನ್ನು ಒತ್ತುವಂತೆ ಯಾವುದನ್ನೂ ಒತ್ತುವುದೂ ಇಲ್ಲ. ಒಂದು ಹಿಡಿಯನ್ನು ಮುಂದಕ್ಕೆ ತಳ್ಳುತ್ತಾನೆ, ಹಿಂದಕ್ಕೆ ಎಳೆಯುತ್ತಾನೆ, ಅಷ್ಟೆ. ಹಾಗಾದರೆ ಬಾಣವು ತಾನಾಗಿ ಬಂದು ಹೆದೆಯ ಮುಂದೆ ಕೂಡುವುದು ಹೇಗೆ? ಒಂದರ ಬದಲು ಎರಡು ಏಕೆ ಬೀಳುವುದಿಲ್ಲ? ಇಷ್ಟು ಸೊಗಸಾದ ಯಂತ್ರವು ಜಗತ್ತಿನ ಯುದ್ಧಗಳನ್ನೆಲ್ಲ ಗೆಲ್ಲಲಿಲ್ಲವೇಕೆ?

ಸಾಮಾನ್ಯವಾದ ಅಡ್ಡಬಿಲ್ಲಿನ ವಿಚಾರವನ್ನು ಮೊದಲು ತಿಳಿದುಕೊಂಡರೆ ಉಳಿದುದು ಸುಲಭವಾಗುತ್ತದೆ. ಮರದ ದಂಡವೊಂದರ ತುದಿಗೆ ಬಿಲ್ಲನ್ನು ಅಡ್ಡಲಾಗಿ ಬಿಗಿದರೆ ಅದೇ ಅಡ್ಡಬಿಲ್ಲು. ಕೈಬಿಲ್ಲಿನವನು ಹೆದೆಯನ್ನು ಎಳೆದು, ತೋಳು ನಡುಗುವುದರೊಳಗಾಗಿ ಗುರಿ ನೋಡಿ ಬಿಡಬೇಕು. ಅಡ್ಡಬಿಲ್ಲಿನವನಿಗೆ ಆ ಅವಸರವಿಲ್ಲ. ಎಳೆದ ಹೆದೆಯನ್ನು ದಂಡದ ಮೇಲಿನ ಒಂದು ಕೊಕ್ಕೆ ಹಿಡಿದುಕೊಳ್ಳುತ್ತದೆ. ಅನಂತರ ಅವನು ನಿಧಾನವಾಗಿ ಬಾಣವನ್ನು ತೋಡಿನಲ್ಲಿ ಇಟ್ಟು, ಕಣ್ಣಿನ ನೇರಕ್ಕೆ ತಂದು, ಉಸಿರು ಹಿಡಿದು, ಬೇಕೆನಿಸಿದ ಕ್ಷಣದಲ್ಲಿ ಕುದುರೆಯನ್ನು ಒತ್ತಬಹುದು. ಎಳೆಯುವ ಕೆಲಸವನ್ನೂ ಬಿಡುವ ಕೆಲಸವನ್ನೂ ಬೇರೆ ಬೇರೆ ಮಾಡಿದುದೇ ಅಡ್ಡಬಿಲ್ಲಿನ ನಿಜವಾದ ಹೆಚ್ಚುಗಾರಿಕೆ. ಚೀನದ ಮೊದಲ ಚಕ್ರವರ್ತಿಯ ಸಮಾಧಿಯ ಬಳಿ 1974ರಲ್ಲಿ ಪತ್ತೆಯಾದ ಮಣ್ಣಿನ ಸೈನ್ಯದ ನಡುವೆ ದೊರೆತಿರುವ ಕಂಚಿನ ಕುದುರೆಗಳು, ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಈ ಕೊಕ್ಕೆಯನ್ನು ಎಷ್ಟು ನಯವಾಗಿ ಎರಕಹೊಯ್ಯುತ್ತಿದ್ದರೆಂಬುದಕ್ಕೆ ಸಾಕ್ಷಿಯಾಗಿವೆ.

ಎಳೆಯುವುದಕ್ಕೆ ಹೊತ್ತು ಹಿಡಿದರೂ ಚಿಂತೆಯಿಲ್ಲವೆಂದಾದ ಮೇಲೆ ಬಿಲ್ಲನ್ನು ಎಷ್ಟಾದರೂ ಬಿರುಸಾಗಿ ಮಾಡಬಹುದಷ್ಟೆ. ಯೂರೋಪಿನಲ್ಲಿ ಹೀಗೆಯೇ ಆಯಿತು. ದಂಡದ ತುದಿಗೆ ಸವಾರನ ರಿಕಾಪಿನಂತಹ ಬಳೆಯೊಂದನ್ನು ಜೋಡಿಸಿ, ಅದರಲ್ಲಿ ಕಾಲಿಟ್ಟು, ಸೊಂಟಪಟ್ಟಿಯ ಕೊಕ್ಕೆಗೆ ಹೆದೆಯನ್ನು ಸಿಕ್ಕಿಸಿ ಎದ್ದು ನಿಲ್ಲುತ್ತಿದ್ದರು. ಅದೂ ಸಾಲದಾದಾಗ ‘ಮೇಕೆಯ ಕಾಲು’ ಎಂಬ ಸನ್ನೆ ಬಂದಿತು. ಬಳಿಕ ಹಗ್ಗವನ್ನು ಸುತ್ತುವ ರಾಟೆ, ಹಲ್ಲಿನ ಪಟ್ಟಿಯನ್ನು ಏರಿಸುವ ತಿರುಗುಹಿಡಿ. ಪೇನ್-ಗಾಲ್ವೆಯವರ ಬಳಿಯಿದ್ದ ಒಂದು ಉಕ್ಕಿನ ಅಡ್ಡಬಿಲ್ಲಿನ ಎಳೆತದ ಭಾರ 1,200 ಪೌಂಡು, ಎಂದರೆ ಸುಮಾರು 540 ಕಿಲೋಗ್ರಾಂ. ವೇಲ್ಸಿನ ಮೆನಾಯ್ ಜಲಸಂಧಿಯ ಈ ದಡದಲ್ಲಿ ನಿಂತು ಅದರಿಂದ ಅವರು ಆ ದಡಕ್ಕೆ, ಸುಮಾರು 440 ಗಜಗಳ ದೂರಕ್ಕೆ, ಬಾಣಗಳನ್ನು ಎಸೆದಿದ್ದರು. ಆದರೆ ಅಂತಹ ಬಿಲ್ಲನ್ನು ಒಮ್ಮೆ ಎಳೆದು ಬಿಡುವುದರೊಳಗೆ ಸರಣಿಬಿಲ್ಲಿನವನ ಪೆಟ್ಟಿಗೆ ಬರಿದಾಗಿರುತ್ತದೆ.

ಈಗ ಸರಣಿಬಿಲ್ಲಿನ ರಚನೆಯನ್ನು ನೋಡೋಣ. ಅದರಲ್ಲಿ ಕಬ್ಬಿಣವು ಅತ್ಯಲ್ಪ. ಸಾಮಾನ್ಯ ಬಡಗಿಯೊಬ್ಬನು ಮಾಡಬಹುದಾದ ಕೆಲಸ. ಕೆಳಗೆ ಒಂದು ಮರದ ದಂಡ. ಅದರ ಮುಂತುದಿಯಲ್ಲಿ ಬಿಲ್ಲು. ದಂಡದ ಮೇಲೆ, ಕಿರಿದಾದ ಉದ್ದನೆಯ ಪೆಟ್ಟಿಗೆ. ಈ ಪೆಟ್ಟಿಗೆಯನ್ನು ದಂಡಕ್ಕೆ ಬಿಗಿದಿಲ್ಲ. ಅದು ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಅದನ್ನು ಚಲಿಸುವಂತೆ ಮಾಡುವುದು ಒಂದು ಕವಲಿನ ಹಿಡಿ. ಹಿಡಿಯ ಎರಡು ಕವಲುಗಳು ದಂಡವನ್ನೂ ಪೆಟ್ಟಿಗೆಯನ್ನೂ ಇಕ್ಕೆಲಗಳಿಂದ ತಬ್ಬಿಕೊಂಡಿರುತ್ತವೆ. ಒಂದು ಕೀಲು ಕವಲನ್ನು ದಂಡಕ್ಕೂ, ಇನ್ನೊಂದು ಕೀಲು ಅದನ್ನೇ ಪೆಟ್ಟಿಗೆಗೂ ಸೇರಿಸುತ್ತದೆ. ಬಾವಿಯ ಕೈಪಂಪಿನ ಹಿಡಿಯನ್ನು ಬಲ್ಲವರಿಗೆ ಇದರ ರೀತಿ ತಾನಾಗಿಯೇ ತಿಳಿದೀತು. ಕೈ ಹೆಚ್ಚು ದೂರ ಚಲಿಸುತ್ತದೆ, ಪೆಟ್ಟಿಗೆ ಕಡಿಮೆ ದೂರ ಚಲಿಸುತ್ತದೆ. ಆ ಮಟ್ಟಿಗೆ ಬಲವು ಹೆಚ್ಚುತ್ತದೆ.

ಪೆಟ್ಟಿಗೆಯೊಳಗೆ ಬಾಣಗಳು ಒಂದರ ಮೇಲೊಂದು ಮಲಗಿರುತ್ತವೆ. ಪೆಟ್ಟಿಗೆಯ ಒಳ ಅಗಲವು ಒಂದು ಬಾಣದ ದಪ್ಪಕ್ಕಿಂತ ಕೂದಲೆಳೆಯಷ್ಟು ಮಾತ್ರ ಹೆಚ್ಚು. ಆದುದರಿಂದ ಎರಡು ಬಾಣಗಳು ಅಕ್ಕಪಕ್ಕದಲ್ಲಿ ಕೂಡಲಾರವು. ಸಾಲು ಕೆಡದೆ ಮೇಲಿನಿಂದ ಕೆಳಕ್ಕೆ ಇಳಿಯಲೇಬೇಕು. ತಳದಲ್ಲಿ ಬಾಣವು ಓಡುವ ತೋಡು. ಮುಂಗಡೆ ಅದು ಹೊರಬೀಳಲು ಒಂದು ರಂಧ್ರ. ತಳಕ್ಕೆ ಸ್ವಲ್ಪ ಮೇಲೆ, ಪೆಟ್ಟಿಗೆಯ ಎರಡು ಪಕ್ಕದ ಹಲಗೆಗಳಲ್ಲಿಯೂ ಉದ್ದಕ್ಕೆ ಸೀಳಿದ ಒಂದೊಂದು ಕಂಡಿಯಿದೆ. ಬಿಲ್ಲಿನ ಹೆದೆಯು ಈ ಕಂಡಿಗಳ ಮೂಲಕ ಪೆಟ್ಟಿಗೆಯನ್ನು ತೂರಿಕೊಂಡು ಹೋಗುತ್ತದೆ. ಕಂಡಿಯ ಹಿಂತುದಿಯಲ್ಲಿ ಕೆಳಮುಖವಾದ ಒಂದು ಕಚ್ಚು. ಕಚ್ಚಿನ ಅಡಿಯಲ್ಲಿ ಒಂದು ಸಣ್ಣ ರಂಧ್ರ. ರಂಧ್ರದಲ್ಲಿ ಸಡಿಲವಾಗಿ ಮೇಲೆ ಕೆಳಗೆ ಆಡುವ ಗಟ್ಟಿಮರದ ಒಂದು ಗೂಟ. ಯಂತ್ರವೆಲ್ಲ ಇಷ್ಟೆ.

ಹಿಡಿಯನ್ನು ಮುಂದಕ್ಕೆ ತಳ್ಳಿದೆವೆನ್ನಿ. ಪೆಟ್ಟಿಗೆಯು ಮುಂದಕ್ಕೆ ಸರಿಯುತ್ತದೆ. ಹೆದೆಯು ಬಿಲ್ಲಿಗೆ ಕಟ್ಟಿರುವುದರಿಂದ ಇದ್ದಲ್ಲಿಯೇ ಇರುತ್ತದೆ. ಆದುದರಿಂದ ಪೆಟ್ಟಿಗೆಯೊಳಗಿನಿಂದ ನೋಡಿದರೆ ಹೆದೆಯೇ ಕಂಡಿಯ ಉದ್ದಕ್ಕೂ ಹಿಂದಕ್ಕೆ ಜಾರಿದಂತೆ ಕಾಣುತ್ತದೆ. ಹಾಗೆ ಜಾರುವಷ್ಟು ಹೊತ್ತೂ ಅದು ಬಾಣಗಳ ಸಾಲಿನ ಅಡಿಯಲ್ಲಿ ಅಡ್ಡವಾಗಿರುವುದರಿಂದ ಯಾವ ಬಾಣವೂ ತೋಡಿಗೆ ಇಳಿಯುವಂತಿಲ್ಲ. ಹೆದೆಯು ಕೊನೆಯನ್ನು ಮುಟ್ಟಿ ಕಚ್ಚಿಗೆ ಬಿದ್ದಾಗ ಬಾಣಗಳ ಬುಡವನ್ನು ದಾಟಿರುತ್ತದೆ. ಆಗ ದಾರಿ ತೆರೆಯಿತು. ಅಡಿಯ ಬಾಣವು ತನ್ನ ತೂಕದಿಂದಲೇ ತೋಡಿಗೆ ಬಿದ್ದು, ಹೆದೆಯ ಮುಂದೆ ಸರಿಯಾಗಿ ಕೂಡುತ್ತದೆ. ಅದರ ಮೇಲಿನ ಬಾಣವು ಕೆಳಗಿನದರ ಬೆನ್ನ ಮೇಲೆ ನಿಂತು ತನ್ನ ಸರದಿಯನ್ನು ಕಾಯುತ್ತದೆ. ಬಾಗಿಲನ್ನು ತೆರೆಯುವುದಕ್ಕೆ, ಮುಚ್ಚುವುದಕ್ಕೆ, ಒಂದನ್ನೇ ಎಣಿಸಿ ಬಿಡುವುದಕ್ಕೆ ಬೇರೆ ಯಾವ ಅಂಗವೂ ಇಲ್ಲ. ಬಾಣವನ್ನು ನೂಕುವ ಹೆದೆಯೇ ಇಲ್ಲಿ ಬಾಗಿಲನ್ನೂ ಕಾಯುತ್ತದೆ. ಇದನ್ನು ಕಂಡುಕೊಂಡವನ ಬುದ್ಧಿಗೆ ತಲೆದೂಗದೆ ಇರಲಾಗುವುದಿಲ್ಲ.

ಇನ್ನು ಹಿಡಿಯನ್ನು ಹಿಂದಕ್ಕೆ ಎಳೆಯಬೇಕು. ಕಚ್ಚಿನಲ್ಲಿ ಸಿಕ್ಕಿರುವ ಹೆದೆಯು ಪೆಟ್ಟಿಗೆಯೊಡನೆಯೇ ಹಿಂದಕ್ಕೆ ಬರುತ್ತದೆ, ಬಿಲ್ಲು ಬಾಗುತ್ತದೆ. ಎಳೆತದ ಕೊನೆಯಲ್ಲಿ ಪೆಟ್ಟಿಗೆಯ ಹಿಂಭಾಗವು ದಂಡದ ಮೇಲೆ ಒತ್ತಿ ಕೂಡುತ್ತದೆ. ಆಗ ದಂಡದ ಮೇಲ್ಮೈಯು ಆ ಸಡಿಲವಾದ ಗೂಟವನ್ನು ಕೆಳಗಿನಿಂದ ಮೇಲಕ್ಕೆ ನೂಕುತ್ತದೆ. ಗೂಟವು ಹೆದೆಯನ್ನು ಕಚ್ಚಿನಿಂದ ಹೊರಕ್ಕೆ ಎತ್ತಿಹಾಕುತ್ತದೆ. ತತ್‌ಕ್ಷಣವೇ ಹೆದೆಯು ಮುಂದಕ್ಕೆ ಚಿಮ್ಮಿ ಬಾಣವನ್ನು ರಂಧ್ರದ ಮೂಲಕ ಹೊರದೂಡುತ್ತದೆ, ತಾನು ಮತ್ತೆ ಮಿಕ್ಕ ಬಾಣಗಳ ಅಡಿಗೆ ಬಂದು ನಿಲ್ಲುತ್ತದೆ. ಒಂದು ಸುತ್ತು ಮುಗಿಯಿತು. ತುಂಬುವುದು ತಳ್ಳುವಾಗ, ಬಾಗಿಸುವುದು ಎಳೆಯುವಾಗ, ಬಿಡುವುದು ಎಳೆತದ ಕೊನೆಗೆ.

ಬಾಣಗಳಿಗೆ ಗರಿಗಳಿಲ್ಲದಿರುವುದು ಇದರಿಂದ ಅರ್ಥವಾಗುತ್ತದೆ. ಗರಿ ಕಟ್ಟಿದ ಬಾಣಗಳನ್ನು ಒಂದರ ಮೇಲೊಂದು ಒಟ್ಟಿದರೆ ಅವು ಒಂದಕ್ಕೊಂದು ತೊಡರಿಕೊಂಡು, ಇಳಿಯಬೇಕಾದಾಗ ಇಳಿಯುವುದಿಲ್ಲ. ಆದುದರಿಂದ ನುಣುಪಾದ ಕಡ್ಡಿಗೆ ಕಬ್ಬಿಣದ ಮೊನೆಯಷ್ಟನ್ನೇ ಹಾಕುತ್ತಿದ್ದರು. ಮುಂಭಾರದಿಂದಾಗಿ ಅದು ಸ್ವಲ್ಪ ದೂರ ನೇರವಾಗಿಯೇ ಹೋಗುತ್ತದೆ; ಅನಂತರ ಓಲಾಡತೊಡಗುತ್ತದೆ. ತೂಕದಿಂದಲೇ ಬೀಳಬೇಕಾದ ಕಾರಣ ಬಿಲ್ಲನ್ನು ಮಟ್ಟವಾಗಿ ಹಿಡಿಯಬೇಕೆಂಬ ನಿರ್ಬಂಧವೂ ಉಂಟು. ಕೋಟೆಯ ಗೋಡೆಯ ಮೇಲಿನಿಂದ ತುಸು ಕೆಳಮುಖವಾಗಿ ಹಿಡಿಯಬಹುದು; ಪಕ್ಕಕ್ಕೆ ಮಗುಚಿ ಹಿಡಿದರೆ ಮಾತ್ರ ಬಾಣವು ತೋಡನ್ನು ಸೇರುವ ಭರವಸೆಯಿಲ್ಲ.

ಗುರಿ ಹಿಡಿಯುವ ಮಾತಂತೂ ದೂರವೇ ಉಳಿಯಿತು. ಇದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುವುದಿಲ್ಲ. ದಂಡದ ಹಿಂತುದಿಯನ್ನು ಸೊಂಟಕ್ಕೋ ತೊಡೆಗೋ ಒತ್ತಿಕೊಂಡು, ಒಂದು ಕೈಯಿಂದ ದಂಡವನ್ನು ಹಿಡಿದು, ಇನ್ನೊಂದರಿಂದ ಹಿಡಿಯನ್ನು ಆಡಿಸಬೇಕು. ಬಾಣವು ಹೊರಡುವುದು ಯಾವಾಗ? ತೋಳು ತನ್ನ ಬಲವನ್ನೆಲ್ಲ ಹಾಕಿ ಎಳೆಯುತ್ತಿರುವ ಕ್ಷಣದಲ್ಲಿ. ಎಳೆಯುವುದನ್ನೂ ಬಿಡುವುದನ್ನೂ ಬೇರ್ಪಡಿಸಿ ಅಡ್ಡಬಿಲ್ಲು ಗಳಿಸಿದ್ದ ಲಾಭವನ್ನು ಸರಣಿಬಿಲ್ಲು ಹೀಗೆ ಮರಳಿ ಒಪ್ಪಿಸಿಬಿಟ್ಟಿತು. ಇಲ್ಲಿ ಹೆದೆಯನ್ನು ಎಳೆದು ಕಾದು ನಿಲ್ಲುವಂತಿಲ್ಲ. ಎಳೆದರೆ ಬಾಣ ಹೋಗಿಯೇ ತೀರುತ್ತದೆ.

ಬಲದ ವಿಚಾರವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಸನ್ನೆಯು ಬಲವನ್ನು ಹೆಚ್ಚಿಸುತ್ತದೆಯೇ ಹೊರತು ಕೆಲಸವನ್ನು ಹೆಚ್ಚಿಸುವುದಿಲ್ಲವೆಂಬುದನ್ನು ಶಾಲೆಯಲ್ಲಿ ಓದಿದವರು ಮರೆತಿರಲಾರರು. ಹಿಡಿಯನ್ನು ಕೈ 60 ಸೆಂಟಿಮೀಟರು ದೂರ, ಸರಾಸರಿ 10 ಕಿಲೋಗ್ರಾಂ ಭಾರದಷ್ಟು ಬಲದಿಂದ ಎಳೆಯಿತೆಂದು ಊಹಿಸೋಣ. ಒಂದೂವರೆ ಸೆಕೆಂಡಿಗೊಮ್ಮೆ, ಹತ್ತು ಸಲ, ತಡೆಯಿಲ್ಲದೆ ಎಳೆಯಬೇಕೆಂಬುದು ನೆನಪಿರಲಿ. ಅಂಥ ಅವಸರದಲ್ಲಿ ತೋಳಿನಿಂದ ಇದಕ್ಕಿಂತ ಬಹಳ ಹೆಚ್ಚನ್ನು ನಿರೀಕ್ಷಿಸಲಾಗದು. ಒಂದು ಎಳೆತದಲ್ಲಿ ಆದ ಕೆಲಸ 6 ಕಿಲೋಗ್ರಾಂ-ಮೀಟರು. ಬಾಣಕ್ಕೆ ದೊರೆಯುವ ಶಕ್ತಿ ಇದಕ್ಕಿಂತ ಹೆಚ್ಚಾಗಲು ಯಾವ ಉಪಾಯದಿಂದಲೂ ಸಾಧ್ಯವಿಲ್ಲ. ಪೆಟ್ಟಿಗೆಯ ಉಜ್ಜಾಟದಲ್ಲಿ ಒಂದು ಪಾಲು ಹೋಗಿ, ವಾಸ್ತವದಲ್ಲಿ ಕಡಿಮೆಯೇ ದೊರೆಯುತ್ತದೆ. ರಾಟೆಯಿಂದ ಎಳೆಯುವ 540 ಕಿಲೋಗ್ರಾಂ ಬಿಲ್ಲನ್ನು ಈಗ ತೆಗೆದುಕೊಳ್ಳಿ. ಅದರ ಹೆದೆಯನ್ನು 18 ಸೆಂಟಿಮೀಟರು ಹಿಂದಕ್ಕೆ ತಂದರೆ, ಎಳೆತವು ಸೊನ್ನೆಯಿಂದ ಮೊದಲಾಗಿ ಸಮವಾಗಿ ಏರುತ್ತದೆಂದು ಭಾವಿಸಿದಾಗ, ಸಂಗ್ರಹವಾಗುವ ಶಕ್ತಿ ಸುಮಾರು 49 ಕಿಲೋಗ್ರಾಂ-ಮೀಟರು. ನಮ್ಮ ಸರಣಿಬಿಲ್ಲಿನದಕ್ಕೆ ಎಂಟರಷ್ಟು. ರಾಟೆಯವನ ತೋಳು ಹೆಚ್ಚು ಬಲಿಷ್ಠವೆಂದಲ್ಲ. ಅವನು ಹಿಡಿಯನ್ನು ಮತ್ತೆ ಮತ್ತೆ ತಿರುಗಿಸಿ, ಹಲವು ತಿರುವುಗಳ ದುಡಿಮೆಯನ್ನು ಒಂದೇ ಬಾಣಕ್ಕಾಗಿ ಕೂಡಿಡುತ್ತಾನೆ. ಸರಣಿಬಿಲ್ಲಿನವನು ಒಂದೊಂದು ಎಳೆತದ ದುಡಿಮೆಯನ್ನು ಒಂದೊಂದು ಬಾಣಕ್ಕೆ ಆಗಿಂದಾಗಲೇ ಖರ್ಚು ಮಾಡಿಬಿಡುತ್ತಾನೆ. ಇಬ್ಬರೂ ಬೆವರು ಸುರಿಸುವುದು ಹೆಚ್ಚುಕಡಮೆ ಒಂದೇ ಸಮ.

ಇದು ಇಂದಿನ ಲೆಕ್ಕದಿಂದ ಮಾತ್ರ ತಿಳಿದ ಸಂಗತಿಯೇನೂ ಅಲ್ಲ. ಚೀನದ ಸೊಂಗ್ ಯಿಂಗ್‌ಷಿಂಗ್ ಎಂಬ ವಿದ್ವಾಂಸನು ತನ್ನ ದೇಶದ ಕಸುಬುಗಳನ್ನೂ ಉಪಕರಣಗಳನ್ನೂ ವಿವರಿಸಿ 1637ರಲ್ಲಿ ‘ತಿಯನ್‌ಗೊಂಗ್ ಕಾಯ್‌ವು’ ಎಂಬ ಹೆಸರಿನ ಗ್ರಂಥವನ್ನು ಪ್ರಕಟಿಸಿದನು. ಭತ್ತದ ಬೇಸಾಯ, ಉಪ್ಪು, ಕಾಗದ, ಎರಕ ಮುಂತಾದುವುಗಳ ಜೊತೆಗೆ ಆಯುಧಗಳ ಪ್ರಕರಣವೂ ಅದರಲ್ಲಿದೆ. ಸರಣಿಬಿಲ್ಲಿನ ನೇರವಾದ ತೋಡನ್ನೂ, ಹತ್ತು ಬಾಣಗಳ ಸಾಲನ್ನೂ, ಒಂದು ಹೋದೊಡನೆ ಇನ್ನೊಂದು ಬೀಳುವ ಬಗೆಯನ್ನೂ ಅವನು ನಾಲ್ಕು ಮಾತುಗಳಲ್ಲಿ ಹೇಳಿ, ಯುಕ್ತಿಯು ಎಷ್ಟು ಕುಶಲವಾಗಿದ್ದರೂ ಬಲವು ತೀರ ಕಡಿಮೆಯೆಂದು ತೀರ್ಪು ಕೊಡುತ್ತಾನೆ. ಬಾಣವು ಇಪ್ಪತ್ತು ಹೆಜ್ಜೆಗಳಿಗಿಂತ ತುಸು ಹೆಚ್ಚು ದೂರ ಮಾತ್ರ ಹೋಗುತ್ತದಂತೆ. ಅವರ ಹೆಜ್ಜೆಯೆಂದರೆ ನಮ್ಮ ಎರಡು ಹೆಜ್ಜೆ. ಆ ಲೆಕ್ಕದಲ್ಲಿ ಇದು ಮೂವತ್ತು ಮೀಟರುಗಳಿಗಿಂತ ಸ್ವಲ್ಪ ಹೆಚ್ಚಾದೀತು. ಆದುದರಿಂದ ಇದು ರಾಜ್ಯದ ಸೈನ್ಯಕ್ಕೆ ತಕ್ಕ ಆಯುಧವಲ್ಲ, ಗೃಹಸ್ಥರು ಕಳ್ಳರಿಂದ ಮನೆಯನ್ನು ಕಾಪಾಡಿಕೊಳ್ಳಲು ಇಟ್ಟುಕೊಳ್ಳುವ ಸಾಧನ ಎಂಬುದು ಅವನ ಅಭಿಪ್ರಾಯ. ಪೇನ್-ಗಾಲ್ವೆಯವರು ಸ್ವಲ್ಪ ಉದಾರಿಗಳು. ಎಂಬತ್ತು ಗಜಗಳವರೆಗೆ ಪರಿಣಾಮಕಾರಿಯೆನ್ನುತ್ತಾರೆ. ಬಿಲ್ಲುಗಳು ಎಲ್ಲವೂ ಒಂದೇ ಬಿರುಸಿನವಾಗಿರಲಿಲ್ಲವಾದುದರಿಂದ ಇಬ್ಬರ ಮಾತೂ ನಿಜವಿರಬಹುದು.

ಬಲದ ಕೊರತೆಯನ್ನು ತುಂಬಲು ಬಾಣದ ಮೊನೆಗೆ ವಿಷವನ್ನು ಬಳಿಯುತ್ತಿದ್ದರು. ನಮ್ಮ ನಾಟಿ ವೈದ್ಯರು ವತ್ಸನಾಭಿ ಎಂದು ಕರೆಯುವ ಸಸ್ಯದ ಜಾತಿಗೆ ಸೇರಿದ ಗಿಡಗಳ ಬೇರಿನಿಂದ ಚೀನದಲ್ಲಿ ಬಾಣದ ವಿಷವನ್ನು ತೆಗೆಯುವುದು ಬಹು ಹಿಂದಿನಿಂದ ನಡೆದುಬಂದಿದ್ದಿತು. ಮೊನೆಯು ಆಳಕ್ಕೆ ಇಳಿಯದಿದ್ದರೂ ಚರ್ಮ ಹರಿದರೆ ಸಾಕು. ರಾತ್ರಿಯ ಹೊತ್ತು ಗೋಡೆ ಹತ್ತಿ ಬಂದ ನಾಲ್ಕು ಜನರೆದುರು, ಬಿಲ್ವಿದ್ಯೆಯನ್ನು ಕಲಿಯದ ಗೃಹಸ್ಥನೊಬ್ಬನು, ಕತ್ತಲಲ್ಲಿ ಗುರಿ ನೋಡಲಾಗದೆ, ಹಿಡಿಯನ್ನು ಆಡಿಸುತ್ತ ನಿಂತ ಚಿತ್ರವನ್ನು ಕಲ್ಪಿಸಿಕೊಂಡರೆ ಈ ಯಂತ್ರವು ಯಾರಿಗಾಗಿ ಹುಟ್ಟಿತೆಂಬುದು ಮನಸ್ಸಿಗೆ ನಾಟುತ್ತದೆ. ಅದೇ ಮನುಷ್ಯನನ್ನು ಅದೇ ಬಿಲ್ಲಿನೊಡನೆ ತಂದು, ಅರ್ಧ ಮೈಲಿಗೂ ಆಚೆಯಿಂದ ಗುಂಡು ಹಾರಿಸಬಲ್ಲ ಮುರಾಟಾ ಬಂದೂಕಿನ ಮುಂದೆ ನಿಲ್ಲಿಸಿದುದು ಯಂತ್ರದ ತಪ್ಪಲ್ಲ.

ಇನ್ನೊಂದು ಸಂಗತಿಯನ್ನು ಬಹುಜನ ಮರೆಯುತ್ತಾರೆ. ಪೆಟ್ಟಿಗೆಯು ಹದಿನೈದು ಸೆಕೆಂಡುಗಳಲ್ಲಿ ಬರಿದಾಯಿತು, ಮುಂದೆ? ಬಾಣಗಳನ್ನು ಮೇಲಿನಿಂದ ಒಂದೊಂದಾಗಿ, ಮೊನೆ ಮುಂದೆ ಬುಡ ಹಿಂದೆ ನೋಡಿಕೊಂಡು, ಒಂದರ ಮೇಲೊಂದು ನೆಟ್ಟಗೆ ಮಲಗಿಸಬೇಕು. ಒಂದು ಬಾಣ ಓರೆಯಾದರೂ ಸಾಲು ಸಿಕ್ಕಿಕೊಳ್ಳುತ್ತದೆ. ವಿಷದ ಮೊನೆಯಾದರಂತೂ ಅವಸರ ಪಡುವಂತೆಯೇ ಇಲ್ಲ. ಇಂದಿನ ಬಂದೂಕಿಗೆ ತುಂಬಿದ ತೋಟಾಪೆಟ್ಟಿಗೆಯನ್ನೇ ಕಳಚಿ ಬದಲಾಯಿಸುವಂತೆ ಇಲ್ಲಿ ಮಾಡಲಾಗದು. ಪೆಟ್ಟಿಗೆಯು ಹಿಡಿಗೂ ಹೆದೆಗೂ ಹೆಣೆದುಕೊಂಡಿದೆ. ಒಂದೂವರೆ ಸೆಕೆಂಡಿಗೆ ಒಂದು ಬಾಣವೆಂಬ ವೇಗವು ಮೊದಲ ಹತ್ತು ಬಾಣಗಳಿಗೆ ಮಾತ್ರ ಸತ್ಯ.

ಚೀನದಿಂದ ಬಹುದೂರದಲ್ಲಿ, ಅದರೊಡನೆ ಯಾವ ಸಂಪರ್ಕವೂ ಕಾಣದ ಗ್ರೀಕರ ನಾಡಿನಲ್ಲಿಯೂ ಇದೇ ಪ್ರಶ್ನೆಗೆ ಉತ್ತರವನ್ನು ಹುಡುಕಿದವನೊಬ್ಬನಿದ್ದನು. ಅಲೆಕ್ಸಾಂಡ್ರಿಯದ ಡಯೊನೀಸಿಯಸ್ ಎಂಬವನು ರೋಡ್ಸ್ ದ್ವೀಪದಲ್ಲಿ ನಿರ್ಮಿಸಿದ ‘ಪಾಲಿಬೋಲಸ್’ ಎಂಬ ಯಂತ್ರವನ್ನು ಬೈಜಾಂಟಿಯಮಿನ ಫೈಲೋ ಕ್ರಿ. ಪೂ. 3ನೆಯ ಶತಮಾನದಲ್ಲಿ ವರ್ಣಿಸಿದ್ದಾನೆ. ಇದು ಕೈಯಲ್ಲಿ ಹಿಡಿಯುವಂತಹುದಲ್ಲ. ಪೀಠದ ಮೇಲೆ ನಿಲ್ಲಿಸಿದ ದೊಡ್ಡ ಕವಣೆ. ಇಲ್ಲಿಯೂ ಮೇಲೆ ಬಾಣಗಳ ತೊಟ್ಟಿಯಿದೆ. ಆದರೆ ಬಾಗಿಲು ಕಾಯುವುದು ಹೆದೆಯಲ್ಲ, ತೊಟ್ಟಿಯ ಅಡಿಯಲ್ಲಿ ತಿರುಗುವ ಒಂದು ಉರುಳೆ. ಉರುಳೆಯಲ್ಲಿ ಒಂದೇ ಬಾಣ ಹಿಡಿಸುವಷ್ಟು ತೋಡು. ತೋಡು ಮೇಲಾದಾಗ ತೊಟ್ಟಿಯಿಂದ ಒಂದು ಬಾಣವನ್ನು ತೆಗೆದುಕೊಳ್ಳುತ್ತದೆ. ಕೆಳಗಾದಾಗ ಅದನ್ನು ಓಡುದಾರಿಗೆ ಇಳಿಸುತ್ತದೆ. ಹೆದೆಯನ್ನು ಎಳೆಯುವ ಜಾರುಮಣೆಯ ಒಂದು ಮೊಳೆಯು ಉರುಳೆಯ ಮೈಮೇಲಿನ ಸುರುಳಿ ಗೆರೆಯಲ್ಲಿ ಸಿಕ್ಕಿಕೊಂಡಿದ್ದು, ಮಣೆ ಹಿಂದೆ ಮುಂದೆ ಸರಿದಂತೆ ಉರುಳೆಯು ಅತ್ತ ಇತ್ತ ತಿರುಗುತ್ತದೆ. ಮಣೆಯನ್ನು ಸರಿಸುವುದು ಐಮೂಲೆಯ ಗಾಲಿಗಳ ಮೇಲೆ ಓಡುವ ಚಪ್ಪಟೆ ಕೊಂಡಿಗಳ ಸರಪಣಿ. ಇಂದಿನ ಸೈಕಲ್ಲಿನ ಸರಪಣಿಯ ಪೂರ್ವಜರನ್ನು ಹುಡುಕಹೊರಟವರು ಇಲ್ಲಿಗೆ ಬಂದು ನಿಲ್ಲುವುದುಂಟು. ತಿರುಗುಹಿಡಿಯನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗಿಸುತ್ತಿದ್ದರೆ ಸಾಕು. ಕೊಕ್ಕೆಯು ಹೆದೆಯನ್ನು ಹಿಡಿಯುವುದೂ ಬಿಡುವುದೂ ದಾರಿಯಲ್ಲಿನ ಗೂಟಗಳಿಗೆ ತಗುಲಿ ತಾನಾಗಿ ನಡೆಯುತ್ತದೆ.

ಫೈಲೋ ಈ ಯಂತ್ರದ ಕೌಶಲವನ್ನು ಮೆಚ್ಚಿದರೂ ಅದರ ಉಪಯೋಗವನ್ನು ಒಪ್ಪಲಿಲ್ಲ. ಅವನ ಆಕ್ಷೇಪಣೆಯು ಚೀನೀ ವಿದ್ವಾಂಸನ ಆಕ್ಷೇಪಣೆಗೆ ನೇರ ವಿರುದ್ಧವಾದುದು. ಪೀಠದ ಮೇಲೆ ಅಲುಗದೆ ನಿಂತ ಯಂತ್ರವು ಬಾಣಗಳನ್ನೆಲ್ಲ ಹೆಚ್ಚುಕಡಮೆ ಒಂದೇ ಜಾಗಕ್ಕೆ ಹೊಡೆಯುತ್ತದೆ. ಮೊದಲ ಬಾಣಕ್ಕೆ ಒಬ್ಬನು ಬಿದ್ದ ಮೇಲೆ ಮಿಕ್ಕವು ಬರಿಯ ನೆಲಕ್ಕೆ ನಾಟುವುದರಿಂದ ಬಾಣಗಳು ದಂಡವಾಗುತ್ತವೆ. ಕೈಯಲ್ಲಿ ಹಿಡಿದುದು ಗುರಿಯನ್ನೇ ಕಾಣಲಾರದು. ಪೀಠದ ಮೇಲೆ ನಿಂತುದು ಗುರಿಯನ್ನು ಬಿಡಲಾರದು.

ಸರಣಿಬಿಲ್ಲಿಗೆ ಚೀನದಲ್ಲಿ ಪ್ರಚಲಿತವಾದ ಇನ್ನೊಂದು ಹೆಸರು ‘ಝೂಗೆ ಬಿಲ್ಲು’. ಮೂರು ರಾಜ್ಯಗಳ ಕಾಲದ ಮಹಾಮಂತ್ರಿ ಝೂಗೆ ಲಿಯಾಂಗ್ (181-234) ಇದನ್ನು ಕಂಡುಹಿಡಿದನೆಂಬುದು ಜನರ ನಂಬಿಕೆ. ಇದು ಸತ್ಯವಲ್ಲ. ಹೂಬೆಯ್ ಪ್ರಾಂತದ ಚಿನ್‌ಜಿಯಾಜೂಯ್ ಎಂಬಲ್ಲಿ, ಪುರಾತನ ಚೂ ರಾಜ್ಯಕ್ಕೆ ಸೇರಿದ ಸಮಾಧಿಯೊಂದರಲ್ಲಿ, ಕ್ರಿ. ಪೂ. 4ನೆಯ ಶತಮಾನದ ಸರಣಿಬಿಲ್ಲೊಂದು ದೊರೆತಿದೆ. ಎಂದರೆ ಝೂಗೆ ಲಿಯಾಂಗನಿಗೆ ಐನೂರು ವರ್ಷಗಳ ಹಿಂದಿನದು. ಅದರ ರೀತಿಯೂ ಬೇರೆ. ಪಿಸ್ತೂಲಿನಂತೆ ಕೈಹಿಡಿಯಿದ್ದು, ಹಿಂದಿನಿಂದ ಎಳೆದು ಹೆದೆಯನ್ನು ಸಜ್ಜುಗೊಳಿಸಬೇಕು. ಒಂದು ಸಲಕ್ಕೆ ಎರಡು ಬಾಣಗಳು ಹೊರಡುತ್ತವೆ. ಮೇಲೆ ನಾವು ವಿವರಿಸಿದ ತಳ್ಳುವ-ಎಳೆಯುವ ಹಿಡಿಯ ಬಿಲ್ಲಿನ ಚಿತ್ರವು ಮಾವ್ ಯುವಾನ್‌ಯಿ 1621ರಲ್ಲಿ ಹೊರತಂದ ‘ವೂಬೆಯ್ ಝಿ’ ಎಂಬ ಯುದ್ಧಶಾಸ್ತ್ರದ ಬೃಹತ್ ಗ್ರಂಥದಲ್ಲಿದೆ.

ಹಾಗಾದರೆ ಝೂಗೆ ಲಿಯ‍ಾಂಗನು ಮಾಡಿದುದೇನು? ಹಿಂದಿನಿಂದ ಬಂದ ಸರಣಿಬಿಲ್ಲನ್ನು ಅವನು ತಿದ್ದಿ ಸುಧಾರಿಸಿದನೆಂದು ಪ್ರಾಚೀನ ಚರಿತ್ರೆಯು ಹೇಳುತ್ತದೆ. ಎಂಟು ಅಂಗುಲದ ಕಬ್ಬಿಣದ ಬಾಣಗಳು, ಒಂದು ಬಿಲ್ಲಿನಿಂದ ಹತ್ತು ಬಾಣಗಳು ಒಟ್ಟಿಗೇ ಹೊರಡುತ್ತಿದ್ದುವು ಎಂಬುದು ಅದಕ್ಕೆ ಸೇರಿಸಿದ ವ್ಯಾಖ್ಯಾನದ ವಿವರಣೆ. ‘ಒಟ್ಟಿಗೇ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಹತ್ತು ಬಾಣಗಳು ಒಟ್ಟಿಗೇ ಹೊರಡುವುದಾದರೆ ಅದು ಒಂದಾದಮೇಲೊಂದು ತುಂಬಿಕೊಳ್ಳುವ ಯಂತ್ರವೇ ಅಲ್ಲ. ಒಂದು ಎಳೆತದ ಶಕ್ತಿಯು ಹತ್ತು ಪಾಲಾಗಿ ಹಂಚಿಹೋಗುತ್ತದೆ. ಅಂತಹ ಬಿಲ್ಲು ಉಪಯುಕ್ತವಾಗಬೇಕಾದರೆ ಅದು ಬಹು ಬಿರುಸಾಗಿದ್ದು, ಕಾಲಿನಿಂದಲೋ ರಾಟೆಯಿಂದಲೋ ಎಳೆಯುವಂತಹುದಾಗಿರಬೇಕು. ಕಳ್ಳರನ್ನು ಓಡಿಸುವ ಪುಟ್ಟ ಪೆಟ್ಟಿಗೆಯ ಬಿಲ್ಲಿಗೂ ಆ ಮಹಾಮಂತ್ರಿಯ ಬಿಲ್ಲಿಗೂ ಹೆಸರಿನ ಸಂಬಂಧವೇ ಹೆಚ್ಚೆಂದು ನನಗೆ ತೋರುತ್ತದೆ.

ಹೆಸರನ್ನು ಅಳಿಸಲಾಗದಂತೆ ಮಾಡಿದುದು ಕಥೆ. ಲುವೊ ಗ್ವಾನ್‌ಝೊಂಗನ ಹೆಸರಿನಲ್ಲಿ ಪ್ರಸಿದ್ಧವಾದ ‘ಮೂರು ರಾಜ್ಯಗಳ ಕಥೆ’ ಎಂಬ ಮಹಾಕಾದಂಬರಿಯಲ್ಲಿ, ಮರಣಶಯ್ಯೆಯಲ್ಲಿರುವ ಝೂಗೆ ಲಿಯಾಂಗನು ತನ್ನ ಶಿಷ್ಯನಾದ ಜಿಯಾಂಗ್ ವೆಯ್‌ಗೆ ಸರಣಿಬಿಲ್ಲಿನ ನಕ್ಷೆಗಳನ್ನು ಒಪ್ಪಿಸುತ್ತಾನೆ. ತಾನು ಅದನ್ನು ಇದುವರೆಗೆ ಪ್ರಯೋಗಿಸಿಲ್ಲವೆನ್ನುತ್ತಾನೆ. ಬಾಣದ ಉದ್ದ, ಬಾಣಗಳ ಸಂಖ್ಯೆ, ಎಲ್ಲವನ್ನೂ ಹೇಳುತ್ತಾನೆ. ಬಾಣವನ್ನು ತುಂಬುವುದು ಹೇಗೆಂಬುದನ್ನು ಮಾತ್ರ ಕಾದಂಬರಿಕಾರನು ನಕ್ಷೆಯೊಳಗೇ ಬಿಟ್ಟುಬಿಡುತ್ತಾನೆ. ಜಾಣತನದ ಕೆಲಸವೇ ಸರಿ. ವಿಯೆಟ್ನಾಮಿನ ಆನ್ ಯುವಾಂಗ್ ರಾಜನ ಐತಿಹ್ಯವು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಚಿನ್ನದ ಆಮೆಯೊಂದು ತನ್ನ ಉಗುರನ್ನು ರಾಜನಿಗೆ ಕೊಟ್ಟಿತು. ಅದನ್ನೇ ಕುದುರೆಯಾಗಿ ಅಳವಡಿಸಿದ ಬಿಲ್ಲು ಶತ್ರುಸೈನ್ಯವನ್ನೇ ಕೆಡವುತ್ತಿದ್ದಿತು. ಅಳಿಯನು ಉಗುರನ್ನು ಕದ್ದು ಬದಲಾಯಿಸಿದಾಗ ರಾಜ್ಯವೇ ಹೋಯಿತು. ಆ ರಾಜನದೆಂದು ಹೇಳುವ ಕೋ ಲೋವಾ ಕೋಟೆಯ ಬಳಿ 1959ರಲ್ಲಿ ಸಾವಿರಾರು ಕಂಚಿನ ಬಾಣದ ಮೊನೆಗಳು ದೊರೆತುವು. ಬಿಲ್ಲಿನ ಗುಟ್ಟೆಲ್ಲ ಹೆದೆಯನ್ನು ಬಿಡುವ ಆ ಚಿಕ್ಕ ತುಂಡಿನಲ್ಲಿದೆ ಎಂದು ಊಹಿಸಿದ ಕಥೆಗಾರನು ಯಾವುದೋ ಅಡ್ಡಬಿಲ್ಲನ್ನು ಬಿಚ್ಚಿ ನೋಡಿದ್ದವನೇ ಇರಬೇಕು.

ಈಚಿನ ಚಲಚ್ಚಿತ್ರಗಳಲ್ಲಿಯೂ ಗಣಕದ ಆಟಗಳಲ್ಲಿಯೂ ಸರಣಿಬಿಲ್ಲಿಗೆ ಹೊಸ ಜನ್ಮ ಬಂದಿದೆ. 1999ರ ‘ಏಜ್ ಆಫ್ ಎಂಪೈರ್ಸ್ 2’ ಎಂಬ ಆಟದಲ್ಲಿ ಚೀನೀ ಸೈನ್ಯದ ವಿಶೇಷ ಬಿಲ್ಲುಗಾರರು ಇದನ್ನೇ ಹಿಡಿದಿರುತ್ತಾರೆ. ಒಂದು ಸಲಕ್ಕೆ ಹಲವು ಬಾಣಗಳನ್ನು ಬಿಡುತ್ತಾರೆ, ಆಟ ಮುಗಿಯುವವರೆಗೂ ಪೆಟ್ಟಿಗೆಯನ್ನು ತುಂಬುವುದೇ ಇಲ್ಲ. ನಮ್ಮ ಭಾರತದ ಕಥೆಯನ್ನು ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಖಾಂಡವದಹನದ ಕಾಲದಲ್ಲಿ ಅರ್ಜುನನಿಗೆ ಅಕ್ಷಯವಾದ ಬತ್ತಳಿಕೆಗಳು ದೊರೆಯುತ್ತವಲ್ಲವೆ? ಆದರೆ ನಮ್ಮ ಕವಿಗಳು ಒಂದು ವಿಷಯದಲ್ಲಿ ಪ್ರಾಮಾಣಿಕರು. ಬಾಣಗಳು ಮುಗಿಯದಂತೆ ದೇವತೆಗಳು ನೋಡಿಕೊಂಡರೂ, ಒಂದೊಂದನ್ನೂ ಹೂಡಿ ಸೆಳೆಯುವ ಕೆಲಸವು ಅರ್ಜುನನ ತೋಳಿನದೇ. ಆ ವೇಗವನ್ನು ಅವನ ಸಾಧನೆಯೆಂದು ಕೊಂಡಾಡುತ್ತಾರೆಯೇ ಹೊರತು ಯಂತ್ರದ ಗುಣವೆಂದಲ್ಲ.

1980ರ ‘ಹಾಕ್ ದ ಸ್ಲೇಯರ್’ ಎಂಬ ಚಿತ್ರದಲ್ಲಿ ಒಬ್ಬ ಯೋಧನ ಅಡ್ಡಬಿಲ್ಲು ಯಂತ್ರದ ಬಂದೂಕಿನಂತೆ ಬಾಣಗಳನ್ನು ಉಗುಳುತ್ತದೆ. ಅದರ ಹೆದೆಯನ್ನು ಎಳೆಯುವವರು ಯಾರೆಂದು ಪ್ರೇಕ್ಷಕನು ಕೇಳಬಾರದು. 2004ರ ‘ವ್ಯಾನ್ ಹೆಲ್ಸಿಂಗ್’ ಚಿತ್ರದವರು ಈ ಪ್ರಶ್ನೆಯನ್ನು ಮೊದಲೇ ಊಹಿಸಿದಂತಿದೆ: ನಾಯಕನ ಬಿಲ್ಲು ಅನಿಲದ ಒತ್ತಡದಿಂದ ನಡೆಯುತ್ತದೆಂದು ಹೇಳಿಬಿಟ್ಟರು. ಶಕ್ತಿಯನ್ನು ಎಲ್ಲಿಂದಲಾದರೂ ತರಲೇಬೇಕೆಂದು ಒಪ್ಪಿಕೊಂಡುದು ಸಂತೋಷ. ಆದರೆ ಬಾಣವನ್ನು ತಳ್ಳುವಷ್ಟು ಒತ್ತಡದ ಅನಿಲವು ಕೈಯಲ್ಲಿರುವಾಗ ಅದನ್ನು ನೇರವಾಗಿ ಒಂದು ಕೊಳವೆಯಲ್ಲಿ ಬಾಣದ ಹಿಂದೆ ಬಿಡಬಹುದಾಗಿತ್ತು. ನಡುವೆ ಬಿಲ್ಲೂ ಹೆದೆಯೂ ಏಕೆ ಬೇಕಾದುವೋ ತಿಳಿಯದು. ಬಿಲ್ಲಿಲ್ಲದಿದ್ದರೆ ಚಿತ್ರವು ಅಂದಗೆಡುತ್ತಿತ್ತೆಂಬುದು ಮಾತ್ರ ದಿಟ.

ಚಿತ್ರಕಾರರು ಸಾಮಾನ್ಯವಾಗಿ ಎಡವುವುದು ಹೆದೆಯ ದಾರಿಯಲ್ಲಿ. ಬಂದೂಕನ್ನು ನೋಡಿ ಅಭ್ಯಾಸವಾದ ಕೈಯು ಪೆಟ್ಟಿಗೆಯನ್ನು ದಂಡದ ಕೆಳಗೆ ಬರೆಯುತ್ತದೆ. ಅಲ್ಲಿಂದ ಬಾಣವು ಮೇಲಕ್ಕೇರಬೇಕಾದರೆ ಅಡಿಯಿಂದ ನೂಕುವ ಸುರುಳಿ ಸ್ಪ್ರಿಂಗು ಬೇಕು. ಪ್ರಾಚೀನ ಚೀನದ ಬಡಗಿಗೆ ತೂಕವೊಂದೇ ಗತಿ. ಪೆಟ್ಟಿಗೆಯನ್ನು ಮೇಲೆಯೇ ಬರೆದವರೂ ಅದನ್ನು ದಂಡಕ್ಕೆ ಮೊಳೆ ಹೊಡೆದು ಕೂಡಿಸಿ, ಹೆದೆಯನ್ನು ಅದರ ಹೊರಗಡೆಯೇ ಹಾಯಿಸಿಬಿಡುತ್ತಾರೆ. ಒಳಗಿನ ಬಾಣಗಳಿಗೆ ಚಂದದ ಗರಿಗಳಿರುತ್ತವೆ. ಬಿಲ್ಲುಗಾರನು ಒಂದು ಕಣ್ಣು ಮುಚ್ಚಿ ಗುರಿ ನೋಡುತ್ತಿರುತ್ತಾನೆ. ಅವನು ನಿಜವಾಗಿ ಹಿಡಿಯನ್ನು ಎಳೆದರೆ ಅದು ಬಂದು ಬಡಿಯುವುದು ಆ ಕಣ್ಣಿಗೇ.

ಇಂದು ಹವ್ಯಾಸಿಗಳಿಗಾಗಿ ತಯಾರಾಗುವ ಸಣ್ಣ ಅಡ್ಡಬಿಲ್ಲುಗಳಲ್ಲಿ ಕೆಲವಕ್ಕೆ ಐದಾರು ಬಾಣಗಳ ಪೆಟ್ಟಿಗೆಯುಂಟು. ಇವುಗಳನ್ನು ಮಾಡಿದವರು ಹಳೆಯ ಲೆಕ್ಕವನ್ನು ಬೇರೊಂದು ರೀತಿಯಲ್ಲಿ ಬಿಡಿಸಿದ್ದಾರೆ. ಪೆಟ್ಟಿಗೆಯು ಚಲಿಸುವುದಿಲ್ಲ. ಬಾಣಗಳನ್ನು ಮೇಲಿನಿಂದ ಒಂದು ಸ್ಪ್ರಿಂಗು ಒತ್ತಿ ಇಳಿಸುವುದರಿಂದ ಬಿಲ್ಲನ್ನು ಓರೆಯಾಗಿ ಹಿಡಿದರೂ ತೊಂದರೆಯಿಲ್ಲ. ದಂಡದ ಹಿಂಭಾಗವನ್ನು ಸನ್ನೆಯಂತೆ ಮಡಚಿ ಹೆದೆಯನ್ನು ಎಳೆಯಬೇಕು. ಎಳೆದ ಹೆದೆಯನ್ನು ಕೊಕ್ಕೆಯು ಹಿಡಿದುಕೊಳ್ಳುತ್ತದೆ. ಕುದುರೆಯನ್ನು ಒತ್ತುವವರೆಗೂ ಬಾಣ ಹೋಗುವುದಿಲ್ಲ. ಹೀಗೆ ಗುರಿ ಹಿಡಿಯುವ ಅವಕಾಶವು ಮರಳಿ ಬಂದಿತು, ಅದರೊಡನೆ ವೇಗವೂ ಅಷ್ಟರಮಟ್ಟಿಗೆ ತಗ್ಗಿತು. ಆ ಐದು ಬಾಣಗಳು ಮುಗಿದ ಮೇಲೆ, ಚೂ ರಾಜ್ಯದವರಂತೆಯೇ, ಒಂದೊಂದನ್ನಾಗಿ ಬೆರಳಿನಿಂದ ಒಳಗಿಡಬೇಕು.